ಗಂಡು ಬಡ್ಜಿಯ ಮೂಗು ಕಂದಾದರೆ ಅದು ಹೆಣ್ಣು ಅಂತಲ್ಲ

ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ನಮ್ಮ ಗಿಣಿ ಗಂಡಾ, ಹೆಣ್ಣಾ? ಉತ್ತರ ಬರೆದು ಬರೆದು ಸಾಕಾಗಿದೆ. ಆದರೆ ಈ ವಾರದ ಮೊದಲ ಪತ್ರ ಓದಿ ಸುಮ್ಮನಿರಲು ಆಗಲಿಲ್ಲ.

ಪ್ರಶ್ನೆ: ಡಾಕ್ಟ್ರೇ, ಐದು ವರ್ಷದ ಹಿಂದೆ ಒಂದು ಜೊತೆ ಲವ್ ಬರ್ಡ್ಸ್ ತಂದೆವು. ಗಂಡಿನ ಮೂಗು ಕಡು ನೀಲಿ ಇತ್ತು. ಎರಡು ತಿಂಗಳಿಂದ ಕಂದು ಬಣ್ಣಕ್ಕೆ ತಿರುಗಿದೆ. ಅಂಗಡಿಯವರು ಫೋಟೊ ನೋಡಿ, ‘ಇದು ಮೊದಲಿಂದಲೂ ಹೆಣ್ಣೇ, ಈಗ ಗೊತ್ತಾಗಿದೆ ಅಷ್ಟೆ, ಬೇರೆ ಗಂಡು ತಗೊಂಡು ಹೋಗಿ’ ಅಂದರು. ತರೋಣವೇ? ಈಚೆಗೆ ಅದರ ಎಡಗಾಲು ಕೋಲನ್ನು ಸರಿಯಾಗಿ ಹಿಡಿಯುತ್ತಿಲ್ಲ.

ಬೇರೆ ಹಕ್ಕಿ ತರಬೇಡಿ. ಇರುವ ಹಕ್ಕಿಯನ್ನು ಈ ವಾರವೇ, ಸಾಧ್ಯವಾದರೆ ನಾಳೆಯೇ, ಹಕ್ಕಿಗಳನ್ನು ನೋಡಿ ಅನುಭವ ಇರುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಿಮ್ಮದು ಲವ್ ಬರ್ಡ್ ಅಲ್ಲ, ಬಡ್ಜಿ. ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಣಿ. ನಮ್ಮ ಕಡೆ ಇದನ್ನು ಲವ್ ಬರ್ಡ್ಸ್ ಅಂತಲೇ ಮಾರುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಅದಕ್ಕೆ ಈ ಮೂಗಿನ ಲೆಕ್ಕವೇ ಇಲ್ಲ.

ಬಡ್ಜಿಯ ಕೊಕ್ಕಿನ ಮೇಲೆ, ಹೊಳ್ಳೆಗಳ ಸುತ್ತ ಮೆತ್ತಗಿನ ಚರ್ಮ ಇರುತ್ತದಲ್ಲ, ಅದಕ್ಕೆ ಸಿಯರ್ ಅಂತೀವಿ. ಬೆಳೆದ ಗಂಡಿಗೆ ಅದು ನೀಲಿ. ಹೆಣ್ಣಿಗೆ ಬಿಳಿಚಿದ ನೀಲಿ ಅಥವಾ ಕಂದು. ಹೆಣ್ಣು ಗೂಡಿಗೆ ಸಿದ್ಧವಾದಾಗ ಕಂದು ಗಾಢವಾಗುತ್ತದೆ, ಪದರ ಪದರವಾಗಿ ಒರಟಾಗುತ್ತದೆ. ಆಮೇಲೆ ಮತ್ತೆ ತಿಳಿಯಾಗುತ್ತದೆ. ಅದು ಕಾಯಿಲೆ ಅಲ್ಲ. ಮರಿಗಳಲ್ಲಿ ಗುಲಾಬಿ ಮಿಶ್ರಿತ ನೇರಳೆ ಬಣ್ಣ ಒಂದೇ ಸಮ ಹರಡಿದ್ದರೆ ಸಾಮಾನ್ಯವಾಗಿ ಗಂಡು. ಹೊಳ್ಳೆಯ ಸುತ್ತ ಬಿಳಿ ಉಂಗುರ ಕಂಡರೆ ಹೆಣ್ಣು. ಪೂರ್ತಿ ಹಳದಿ ಇರುವ ಲುಟಿನೊ, ಪೂರ್ತಿ ಬಿಳಿ ಇರುವ ಅಲ್ಬಿನೊ ಗಂಡುಗಳಿಗೆ ಮಾತ್ರ ವಯಸ್ಸಾದರೂ ನೀಲಿ ಬರುವುದಿಲ್ಲ, ಗುಲಾಬಿಯೇ ಉಳಿಯುತ್ತದೆ. ಇಂಥ ಹಕ್ಕಿಗಳನ್ನು ಹೆಣ್ಣು ಅಂತ ಮಾರಿ ಬಿಡುತ್ತಾರೆ.

ಈಗ ನಿಮ್ಮ ಹಕ್ಕಿಯ ವಿಷಯ. ವರ್ಷಗಟ್ಟಲೆ ಕಡು ನೀಲಿ ಇದ್ದ ಮೂಗು ಕಂದಾಯಿತು ಅಂದರೆ ಅದು ಹೆಣ್ಣಾಯಿತು ಅಂತಲ್ಲ. ಗಂಡಿನ ದೇಹದಲ್ಲಿ ಹೆಣ್ಣಿನ ಹಾರ್ಮೋನು ಜಾಸ್ತಿಯಾಗಿದೆ ಅಂತ. ವಯಸ್ಸಾದ ಗಂಡು ಬಡ್ಜಿಯಲ್ಲಿ ಇದಕ್ಕೆ ಮುಖ್ಯ ಕಾರಣ ವೃಷಣದ ಗೆಡ್ಡೆ. ಹಕ್ಕಿಗಳಿಗೆ ವೃಷಣ ಹೊಟ್ಟೆಯ ಒಳಗೆ, ಮೂತ್ರಪಿಂಡದ ಪಕ್ಕ ಇರುತ್ತದೆ. ಕಾಲಿಗೆ ಹೋಗುವ ನರಗಳೂ ಅಲ್ಲೇ ಹಾದು ಹೋಗುತ್ತವೆ. ಗೆಡ್ಡೆ ಬೆಳೆದು ನರ ಒತ್ತಿದಾಗ ಒಂದು ಕಾಲಿನ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ನಿಮ್ಮ ಪತ್ರದ ಕೊನೇ ಸಾಲು ಓದಿ ನನಗೆ ಗಾಬರಿಯಾಯಿತು. ಕಾಲು ಉಳುಕಿದೆ ಅಂತ ಎಣ್ಣೆ ತಿಕ್ಕುತ್ತಾ ಕೂತರೆ ದಿನ ಕಳೆದುಹೋಗುತ್ತದೆ.

ಎಕ್ಸ್-ರೇ, ಸ್ಕ್ಯಾನ್‌ನಲ್ಲಿ ಗೆಡ್ಡೆ ಎಷ್ಟು ದೊಡ್ಡದು ಅಂತ ಒಂದು ಅಂದಾಜು ಸಿಗುತ್ತದೆ. ಇಷ್ಟು ಚಿಕ್ಕ ಹಕ್ಕಿಗೆ ಆಪರೇಷನ್ ಬಹಳ ಅಪಾಯ, ಅದನ್ನು ಮುಚ್ಚಿಡುವುದಿಲ್ಲ. ಬೆಳವಣಿಗೆ ನಿಧಾನ ಮಾಡುವ ಹಾರ್ಮೋನು ಚಿಕಿತ್ಸೆ ಇದೆ, ನೋವಿಗೆ ಔಷಧಿ ಇದೆ. ಹೋಗುವ ಮುಂಚೆ ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ಹಕ್ಕಿಯನ್ನು ತೂಗಿ ಬರೆದಿಟ್ಟುಕೊಳ್ಳಿ. ಸಾಮಾನ್ಯ ಬಡ್ಜಿ 30ರಿಂದ 40 ಗ್ರಾಂ ಇರುತ್ತದೆ. ಅದರಲ್ಲಿ 4 ಗ್ರಾಂ ಇಳಿದರೂ ಹತ್ತರಲ್ಲೊಂದು ಭಾಗ ಹೋದ ಹಾಗೆ. ಕೋಲನ್ನು ಕೆಳಗಿಳಿಸಿ, ತಳಕ್ಕೆ ಮೆತ್ತನೆ ಬಟ್ಟೆ ಹಾಸಿ. ಬಿದ್ದರೆ ಪೆಟ್ಟಾಗಬಾರದು.

ಆ ಅಂಗಡಿಯವರ ಮೇಲೆ ನನಗೆ ಸಿಟ್ಟು ಬಂದಿದೆ. ಫೋಟೊದಲ್ಲಿ ಕಾಯಿಲೆ ಕಾಣಲಿಲ್ಲ ಅಂದರೆ ಕ್ಷಮಿಸಬಹುದು. ಕಾಣದೆಯೇ ಇನ್ನೊಂದು ಹಕ್ಕಿ ಮಾರಲು ಹೊರಟರಲ್ಲ!

ಪ್ರಶ್ನೆ: ದಾರಕ್ಕೆ ಉಂಗುರ ಕಟ್ಟಿ ಗಿಣಿಯ ತಲೆ ಮೇಲೆ ಹಿಡಿದರೆ ಗೊತ್ತಾಗುತ್ತದಂತೆ, ನಿಜವೇ?

ಸುಳ್ಳು.

ಪ್ರಶ್ನೆ: ಹೊಟ್ಟೆಯ ಕೆಳಗಿನ ಮೂಳೆ ಮುಟ್ಟಿ ಗಂಡೋ ಹೆಣ್ಣೋ ಹೇಳುವವರೊಬ್ಬರಿದ್ದಾರೆ. ನಮ್ಮ ಆಫ್ರಿಕನ್ ಲವ್ ಬರ್ಡ್‌ಗಳನ್ನು ತೋರಿಸಬಹುದೇ?

ಬೇಡ. ಮೊಟ್ಟೆ ಇಡುವ ಹೊತ್ತಿನಲ್ಲಿ ಹೆಣ್ಣಿನ ಮೂಳೆಗಳ ನಡುವಿನ ಅಂತರ ಅಗಲವಾಗುವುದು ನಿಜ. ಉಳಿದ ಕಾಲದಲ್ಲಿ ಅದನ್ನು ನಂಬುವ ಹಾಗಿಲ್ಲ. ನಾನಂತೂ ಮುಟ್ಟಿ ಹೇಳುವುದಿಲ್ಲ. ಹಕ್ಕಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಡಿಸುವ ಸ್ನಾಯುವಿನ ಪರದೆ, ಇಲ್ಲ. ಎದೆ ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಎದೆ ಅಮುಕಿ ಹಿಡಿದರೆ ಉಸಿರು ಕಟ್ಟುತ್ತದೆ. ಹಾಗೆ ‘ಪರೀಕ್ಷೆ’ ಮಾಡಿಸಿಕೊಂಡು ಬಂದ ಒಂದು ಹಕ್ಕಿಯನ್ನು ಪುಟ್ಟ ಹುಡುಗಿಯೊಬ್ಬಳು ಚಪ್ಪಲಿ ಡಬ್ಬಿಯಲ್ಲಿ ತಂದಿದ್ದಳು. ಬಾಯಿ ತೆರೆದಿತ್ತು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಆಕ್ಸಿಜನ್ ಕೊಟ್ಟೆವು. ಉಳಿಯಲಿಲ್ಲ.

ಲವ್ ಬರ್ಡ್‌ಗೆ ಡಿಎನ್ಎ ಪರೀಕ್ಷೆ ಮಾಡಿಸಿ. ಎದೆಯಿಂದ ಕಿತ್ತ ನಾಲ್ಕೈದು ಸಣ್ಣ ಗರಿ ಸಾಕು. ಲ್ಯಾಬಿಗೆ ಬೇಕಿರುವುದು ಗರಿಯ ಬುಡದ ಜೀವಕೋಶ, ಹಾಗಾಗಿ ಪಂಜರದ ತಳದಲ್ಲಿ ಉದುರಿದ ಗರಿ ಕಳಿಸಬೇಡಿ. ಕೀಳುವುದನ್ನೂ ನೀವು ಮಾಡಬೇಡಿ, ಡಾಕ್ಟರಿಗೆ ಬಿಡಿ. ಎರಡು ಹಕ್ಕಿಯ ಗರಿಗಳನ್ನು ಒಂದೇ ಕವರಿಗೆ ಹಾಕಲೇಬೇಡಿ.

ಪ್ರಶ್ನೆ: ಮನೆಯಲ್ಲಿ ಹಸಿರು ಗಿಣಿ ಸಾಕಿದ್ದೇವೆ. ಒಂದು ವರ್ಷವಾದರೂ ಕತ್ತಿನ ಪಟ್ಟಿ ಬಂದಿಲ್ಲ. ಹೆಣ್ಣೇ?

ಗಂಡಿಗೂ ಪಟ್ಟಿ ಪೂರ್ತಿ ಮೂಡಲು ಮೂರು ವರ್ಷ ಹಿಡಿಯಬಹುದು. ಆದರೆ ಊರ ಗಿಣಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹಾಗಂತ ಕಿಟಕಿ ತೆಗೆದು ಹಾರಿಸಬೇಡಿ, ಕೈತುತ್ತು ತಿಂದ ಗಿಣಿ ಹೊರಗೆ ಬದುಕುವುದು ಕಷ್ಟ. ಅರಣ್ಯ ಇಲಾಖೆಗೆ ಒಪ್ಪಿಸಿ.

ಪ್ರಶ್ನೆ: ‘ಗಂಡು’ ಅಂತ ಸಾಕಿದ ಒಂಟಿ ಕಾಕಟೀಲ್ ಗಿಣಿ ಮೊಟ್ಟೆ ಇಟ್ಟಿದೆ! ಜೊತೆ ಇಲ್ಲದೆ ಹೇಗೆ?

ಕೋಳಿ ಇಡುವುದಿಲ್ಲವೇ, ಹಾಗೇ. ಮರಿಯಾಗುವುದಿಲ್ಲ. ಆದರೂ ತಕ್ಷಣ ಮೊಟ್ಟೆ ತೆಗೆಯಬೇಡಿ. ತೆಗೆದಷ್ಟೂ ಇಡುತ್ತಾ ಹೋಗಿ ಮೈಯ ಸುಣ್ಣದ ಅಂಶ ಬರಿದಾಗುತ್ತದೆ. ಪಂಜರಕ್ಕೆ ಕಟಲ್ ಬೋನ್ (ಹಕ್ಕಿ ಕೊಕ್ಕಿನಿಂದ ಕೆರೆದು ತಿನ್ನುವ, ಸುಣ್ಣದ ಅಂಶವಿರುವ ಬಿಳಿ ಚಿಪ್ಪು) ಸಿಕ್ಕಿಸಿ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು ತಿಣುಕುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿದೆ ಅಂತ ತಿಳಿಯಿರಿ. ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ.