ನೋವಿಲ್ಲ ಅಂದಮಾತ್ರಕ್ಕೆ ಮಂಡಿ ರೆಡಿ ಅಲ್ಲ

ಈ ಸಲ ಬಂದ ಪತ್ರಗಳಲ್ಲಿ ಮಂಡಿಯದ್ದೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದ ಆಯಿತು, ಬೇಸರ ಮಾಡಿಕೊಳ್ಳಬೇಡಿ, ಅದು ಉದ್ದ ಇರಬೇಕಾದ ಉತ್ತರವೇ.

ನನ್ನ ಮಗಳಿಗೆ 17 ವರ್ಷ, ಸೆಕೆಂಡ್ ಪಿಯು, ಕಬಡ್ಡಿಯಲ್ಲಿ ಒಳ್ಳೆ ರೈಡರ್. ಮ್ಯಾಟ್ ಮೇಲೆ ಗಕ್ಕನೆ ತಿರುಗುವಾಗ ಮಂಡಿಯೊಳಗೆ ‘ಟಪ್’ ಅಂದಿತಂತೆ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನೋ ಲಿಗಮೆಂಟ್ (ಗಟ್ಟಿ ಪಟ್ಟಿ) ಹರಿದಿದೆ ಅಂದರು, ಆಪರೇಷನ್ ಆಗಿ ನಾಲ್ಕೂವರೆ ತಿಂಗಳಾಯಿತು. ಈಗ ನೋವಿಲ್ಲ, ಮೆಟ್ಟಿಲು ಹತ್ತುತ್ತಾಳೆ, ಸೈಕಲ್ ತುಳಿಯುತ್ತಾಳೆ. ಮುಂದಿನ ತಿಂಗಳು ಟೂರ್ನಮೆಂಟ್ ಇದೆ. ಕೋಚ್ ‘ಮಂಡಿಗೆ ನೀ ಕ್ಯಾಪ್ ಹಾಕ್ಕೊಂಡು ಆಡಲಿ’ ಅನ್ನುತ್ತಾರೆ. ಕುಸ್ತಿಪಟು ವಿನೇಶ್ ಫೋಗಟ್ ಕೂಡ ಬೇಗ ವಾಪಸ್ ಬಂದರಲ್ಲ, ಕಳಿಸಲಾ? – ಒಬ್ಬ ತಂದೆ, ಮದ್ದೂರು

ಬೇಡ ಸಾರ್. ಕಳಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ಹರಿದ ಲಿಗಮೆಂಟನ್ನು ಹೊಲಿದು ಸರಿ ಮಾಡಿದ್ದಾರೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ಅವಳದೇ ತೊಡೆಯ ಹಿಂಭಾಗದಿಂದಲೋ, ಮಂಡಿಚಿಪ್ಪಿನ ಹತ್ತಿರದಿಂದಲೋ ಒಂದು ತುಂಡು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು, ಮೂಳೆಯಲ್ಲಿ ತೂತು ಕೊರೆದು ಅಲ್ಲಿ ಕೂರಿಸಿರುತ್ತಾರೆ. ಅದಕ್ಕೆ ಗ್ರಾಫ್ಟ್ ಅನ್ನುತ್ತಾರೆ. ನೀವು ಮಂಡ್ಯ ಕಡೆಯವರು, ನಾಟಿ ಬಗ್ಗೆ ನಿಮಗೆ ನಾನು ಹೇಳಬೇಕಾ? ಕಿತ್ತು ನೆಟ್ಟ ಪೈರು ಮೊದಲು ಸೊರಗುತ್ತದೆ, ಆಮೇಲೆ ಬೇರು ಹಿಡಿಯುತ್ತದೆ. ಗ್ರಾಫ್ಟ್ ಕೂಡ ಅಷ್ಟೇ, ನೆಟ್ಟ ಮೇಲೆ ಅದರ ರಕ್ತ ಸಂಪರ್ಕ ತಪ್ಪಿಹೋಗಿರುತ್ತದೆ, ಮೊದಲ ಕೆಲವು ವಾರ ಬಲ ಇಳಿಯುತ್ತದೆ, ನಿಧಾನಕ್ಕೆ ಹೊಸ ರಕ್ತನಾಳ ಬೆಳೆದು, ಎಳೆಗಳು ಮತ್ತೆ ಜೋಡಿಸಿಕೊಂಡು ಗಟ್ಟಿಯಾಗೋದಕ್ಕೆ ವರ್ಷ ದಾಟಿದರೂ ಆಶ್ಚರ್ಯ ಇಲ್ಲ. ಒಂದೇ ವ್ಯತ್ಯಾಸ. ಪೈರು ಸೊರಗಿದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣಲ್ಲ. ಊತ ಇಳಿದಿರುತ್ತದೆ, ನೋವು ಹೋಗಿರುತ್ತದೆ, ಹುಡುಗಿ ಕುಣಿಯುತ್ತಾ ಓಡಾಡುತ್ತಿರುತ್ತಾಳೆ.

ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೋದವರು ಸೇರಿ ಈ ಆಪರೇಷನ್ ಆದ 106 ಮಂದಿಯನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದ ಹಾಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧ ಇಳಿಯುತ್ತಾ ಹೋಯಿತು, 9 ತಿಂಗಳವರೆಗೆ. ಅದರ ನಂತರ ಕಾದರೆ ಅಂಥ ಲಾಭ ಕಾಣಲಿಲ್ಲ. ಇನ್ನೊಂದು ವಿಷಯ, ನನಗೆ ಅದೇ ದೊಡ್ಡದು: ಬಲ ಮತ್ತು ಜಿಗಿತದ ಪರೀಕ್ಷೆ ಪಾಸಾಗದೆ ಆಟಕ್ಕೆ ಇಳಿದವರಲ್ಲಿ 38% ಜನ ಮತ್ತೆ ಪೆಟ್ಟು ಮಾಡಿಕೊಂಡರು, ಪಾಸಾಗಿ ಇಳಿದವರಲ್ಲಿ 6%ಗೂ ಕಡಿಮೆ. ಸಣ್ಣ ಗುಂಪಿನ ಲೆಕ್ಕ ಇದು, ಹಾಗಂತ ತಳ್ಳಿಹಾಕೋ ಹಾಗಿಲ್ಲ.

ಪರೀಕ್ಷೆ ಅಂದರೆ ಬ್ರಹ್ಮವಿದ್ಯೆ ಏನಲ್ಲ. ಆಪರೇಷನ್ ಆದ ಕಾಲಿನ ತೊಡೆ ಮುಂಭಾಗದ ಸ್ನಾಯುವಿನ ಬಲ ಇನ್ನೊಂದು ಕಾಲಿನ 90% ಆದರೂ ಇರಬೇಕು, ಒಂಟಿಕಾಲಿನ ಜಿಗಿತಗಳಲ್ಲೂ ಅಷ್ಟೇ. ಜಿಗಿತವನ್ನು ಮನೆಯಲ್ಲಿ ಮಾಡಿಸಲು ಹೋಗಬೇಡಿ, ಅದು ಫಿಸಿಯೋ ಕಣ್ಣೆದುರೇ ಆಗಬೇಕು. ಟೈಲರ್ ಟೇಪ್ ತಗೊಂಡು ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಎರಡೂ ತೊಡೆ ಅಳೆದು ನೋಡಿ ಬೇಕಾದರೆ. ಆ ಕಾಲು ಇನ್ನೂ ಸಣ್ಣಗಿದ್ದರೆ ಅಲ್ಲೇ ಉತ್ತರ ಸಿಕ್ಕಿತು.

ವಿನೇಶ್ ವಿಷಯ. 2023ರ ಆಗಸ್ಟ್‌ನಲ್ಲಿ ಅವರ ಎಡ ಮಂಡಿಗೆ ಮುಂಬೈನಲ್ಲಿ ಆಪರೇಷನ್ ಆಯಿತು, 2024ರ ಮಾರ್ಚ್‌ನಲ್ಲಿ ಟ್ರಯಲ್ಸ್ ಗೆದ್ದರು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್‌ವರೆಗೂ ಹೋದರು. ನಿಜ. ಆದರೆ ಅವರು ಎಷ್ಟೋ ವರ್ಷ ಅಂತರರಾಷ್ಟ್ರೀಯ ಮಟ್ಟದಲ್ಲಿ ಪಳಗಿದ ಕುಸ್ತಿಪಟು, ಚೇತರಿಸಿಕೊಳ್ಳುವುದೇ ಅವರ ದಿನದ ಕೆಲಸವಾಗಿತ್ತು. ನಿಮ್ಮ ಮಗಳು ಕಾಲೇಜು, ಟ್ಯೂಷನ್ ಮುಗಿಸಿ ಉಳಿದ ಅರ್ಧ ಗಂಟೆಯಲ್ಲಿ ವ್ಯಾಯಾಮ ಮಾಡುವವಳು. ಅದೂ ಅಲ್ಲದೆ ಅವಳ ವಯಸ್ಸೇ ಅಪಾಯದ ವಯಸ್ಸು. 25ರೊಳಗಿನವರು ಆಪರೇಷನ್ ಆಗಿ ಆಟಕ್ಕೆ ವಾಪಸಾದರೆ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರಿಗೆ ಮತ್ತೆ ಎಸಿಎಲ್ ಹರಿಯುತ್ತದೆ, ಅದೇ ಮಂಡಿಯಲ್ಲಿ ಇಲ್ಲವೇ ಇನ್ನೊಂದರಲ್ಲಿ. ನೀ ಕ್ಯಾಪ್ ಇದನ್ನು ತಡೆಯಲ್ಲ. ಅದು ಧೈರ್ಯ ಕೊಡುತ್ತದೆ ಅಷ್ಟೇ, ಈಗ ಅವಳಿಗೆ ಬೇಡದ್ದೂ ಅದೇ.

ಕೊನೆಗೊಂದು. ನಿಮ್ಮ ಪತ್ರದಲ್ಲಿ ಕೋಚ್ ಮಾತಿದೆ, ನಿಮ್ಮ ಮಾತಿದೆ, ಮಗಳ ಮಾತೇ ಇಲ್ಲ. ಆ ಕಾಲೂರಿ ತಿರುಗೋಕೆ ಭಯ ಆಗುತ್ತಾ ಅಂತ ಒಮ್ಮೆ ಕೇಳಿ. ಎಷ್ಟೋ ಮಕ್ಕಳು ಅಪ್ಪನ ಮುಂದೆ ‘ಇಲ್ಲ’ ಅಂತಾರೆ, ನಮ್ಮ ಹತ್ತಿರ ಬಂದು ಅಳುತ್ತಾರೆ.

ವಯಸ್ಸು 36, ಐಟಿ ಕೆಲಸ, ಶನಿವಾರ–ಭಾನುವಾರ ಶಟಲ್. ಸ್ಮ್ಯಾಷ್ ಮಾಡಿ ಇಳಿಯುವಾಗ ಮಂಡಿ ಉಳುಕಿತು. ಆಗಿ ತಿಂಗಳಾಯಿತು. ಎಂಆರ್‌ಐನಲ್ಲಿ ಎಸಿಎಲ್ ಪೂರ್ತಿ ಹರಿದಿದೆ ಅಂತ ಬಂದಿದೆ, ಬೇರೇನೂ ಇಲ್ಲ. ಒಬ್ಬ ಡಾಕ್ಟರ್ ‘ಕೂಡಲೇ ಮಾಡಿಸಿ’ ಅಂದರು, ಇನ್ನೊಬ್ಬರು ‘ಕಾದು ನೋಡಿ’ ಅಂದರು. ಯಾರನ್ನು ನಂಬಲಿ? – ಹೆಸರು ಬೇಡ, ಬೆಂಗಳೂರು

ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅದೇ ಕಷ್ಟ. ಸ್ವೀಡನ್ನಿನಲ್ಲಿ 121 ಯುವಕ ಯುವತಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಆಪರೇಷನ್. 2010ರಲ್ಲಿ ಬಂದ ಫಲಿತಾಂಶ: ಎರಡು ವರ್ಷದ ನಂತರ ನೋವು, ಓಡಾಟ, ಆಟ ಇವನ್ನೆಲ್ಲ ಸೇರಿಸಿ ಕೊಟ್ಟ ಅಂಕದಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ವ್ಯಾಯಾಮದ ಗುಂಪಿನ 59 ಮಂದಿಯಲ್ಲಿ ಅಷ್ಟರೊಳಗೆ 23 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು, ಐದು ವರ್ಷಕ್ಕೆ 30 ಆಯಿತು. ನೆದರ್ಲೆಂಡ್ಸ್‌ನಲ್ಲಿ 167 ಮಂದಿಯ ಮೇಲೆ ಹೀಗೇ ನಡೆದ, 2021ರಲ್ಲಿ ಬಂದ ಅಧ್ಯಯನದಲ್ಲೂ ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿದವರಲ್ಲಿ ಅರ್ಧದಷ್ಟು ಜನ ಆಪರೇಷನ್ ಇಲ್ಲದೇ ಎರಡು ವರ್ಷ ಕಳೆದರು. ಬೇಗ ಮಾಡಿಸಿದವರಿಗೆ ಅಂಕ ಚೂರು ಜಾಸ್ತಿ ಬಂತು, ಚೂರೇ.

ಆದರೆ 2022ರಲ್ಲಿ ಬ್ರಿಟನ್ನಿನಿಂದ ಬಂದ 316 ಮಂದಿಯ ಅಧ್ಯಯನ ಬೇರೆ ಮಾತು ಹೇಳಿತು. ಹಳೇ ಗಾಯ, ಮಂಡಿ ಪದೇ ಪದೇ ಜಾರುತ್ತದೆ ಅನ್ನುವವರಿಗೆ ಆಪರೇಷನ್ನೇ ಮೇಲು ಅಂತ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರು ತಿಂಗಳು ಒಳ್ಳೆ ಫಿಸಿಯೋ ಹತ್ತಿರ ಬೆವರು ಹರಿಸುತ್ತೇನೆ. ಮಸಾಜು, ಕರೆಂಟು ಕೊಡಿಸಿಕೊಂಡು ಬರುವುದಲ್ಲ, ಸ್ಕ್ವಾಟ್, ಲೆಗ್ ಪ್ರೆಸ್, ತೂಕ ಎತ್ತುವುದು. ಅದು ದಂಡವೂ ಅಲ್ಲ, ಮುಂದೆ ಆಪರೇಷನ್ ಆದರೂ ಗಟ್ಟಿ ಕಾಲಿದ್ದವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ನಡುವೆ ಮಂಡಿ ಕೈಕೊಟ್ಟು ಬೀಳುವ ಹಾಗಾಗುತ್ತಿದ್ದರೆ ಮಾತ್ರ ಕಾಯಬೇಡಿ. ಹಾಗೆ ಜಾರಿದಾಗಲೆಲ್ಲ ಒಳಗಿನ ಮೆತ್ತೆ, ಮಿನಿಸ್ಕಸ್ ಅಂತಾರಲ್ಲ, ಅದಕ್ಕೆ ಪೆಟ್ಟು ಬೀಳುವ ಅಪಾಯ ಇರುತ್ತದೆ. ಮಂಡಿ ಸಿಕ್ಕಿಹಾಕಿಕೊಂಡು ನೆಟ್ಟಗೇ ಆಗದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಶಟಲ್ ಸದ್ಯಕ್ಕೆ ಬೇಡ, ಡಬಲ್ಸ್ ಕೂಡ!

ಮಗನಿಗೆ ಲಿಗಮೆಂಟ್ ಆಪರೇಷನ್ ಆಗಿ ಮೂರು ವಾರ. ಮಂಡಿ ಕೆಳಗೆ ದಿಂಬು ಇಟ್ಟರೆ ಆರಾಮ ಅನ್ನುತ್ತಾನೆ. ನಮ್ಮೂರಲ್ಲಿ ಎಣ್ಣೆ ಹಚ್ಚಿ ತಿಕ್ಕುವವರು ಇದ್ದಾರೆ, ಕರೆಸಲೇ? ನೆಲದ ಮೇಲೆ ಯಾವಾಗ ಕೂರಬಹುದು? – ಒಬ್ಬ ತಾಯಿ, ಹುಬ್ಬಳ್ಳಿ

ಅಮ್ಮಾ, ಮೊದಲು ಆ ದಿಂಬು ತೆಗೆಯಿರಿ. ಪ್ರೀತಿಯಿಂದ ಇಟ್ಟಿದ್ದೀರಿ, ಆದರೆ ಅದರಿಂದ ಮಂಡಿ ಮಡಚಿಕೊಂಡೇ ಗಟ್ಟಿಯಾಗುತ್ತದೆ. ಶುರುವಿನ ವಾರಗಳಲ್ಲಿ ಕಾಲು ಪೂರ್ತಿ ನೆಟ್ಟಗಾಗುವುದೇ ಮುಖ್ಯ, ತಪ್ಪಿದರೆ ಆಮೇಲೆ ಕುಂಟು ಉಳಿಯಬಹುದು. ಸುತ್ತಿದ ಟವೆಲನ್ನು ಹಿಮ್ಮಡಿ ಕೆಳಗೆ ಇಡಿ, ಮಂಡಿ ತಾನಾಗಿ ಕೆಳಗಿಳಿಯಲಿ. ಮಿನಿಸ್ಕಸ್‌ಗೂ ಹೊಲಿಗೆ ಹಾಕಿದ್ದರೆ ನಿಯಮ ಬೇರೆ ಇರುತ್ತದೆ, ಸರ್ಜನ್ ಹತ್ತಿರ ಕೇಳಿ.

ತಿಕ್ಕುವವರು ಬೇಡವೇ ಬೇಡ. ಮೀನಖಂಡದಲ್ಲಿ ನೋವು, ಊತ ಇದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ತಿಕ್ಕಿದರೆ ಪ್ರಾಣಕ್ಕೇ ಕುತ್ತು. ಅಂಥದ್ದಿದ್ದರೆ ಅಥವಾ ಜ್ವರ, ಗಾಯದಲ್ಲಿ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಸರ್ಜನ್ ಹೂಂ ಅನ್ನುವವರೆಗೆ ಬೇಡ. ಊಟಕ್ಕೆ ಕುರ್ಚಿ ಹಾಕಿ, ಶೌಚಕ್ಕೆ ಕಮೋಡ್ ಕುರ್ಚಿ ತನ್ನಿ.

ನಾನು ಹೈಸ್ಕೂಲಿನಲ್ಲಿ ಪಿಇ ಮೇಷ್ಟ್ರು. ಎರಡು ವರ್ಷದಲ್ಲಿ ಇಬ್ಬರು ಹುಡುಗಿಯರ ಮಂಡಿ ಹೋಯಿತು. ತಡೆಯೋಕೆ ಏನಾದರೂ ಇದೆಯಾ? ನಮಗೆ ಸಿಗುವುದೇ 40 ನಿಮಿಷ. – ಉಡುಪಿ ಜಿಲ್ಲೆ

ಇದೆ ಮೇಷ್ಟ್ರೇ. ಫಿಫಾ 11 ಪ್ಲಸ್ ಅನ್ನುವ ವಾರ್ಮಪ್ ಇದೆ, 20 ನಿಮಿಷದ್ದು, ದುಡ್ಡು ಕೊಡಬೇಕಿಲ್ಲ, ಚೆಂಡು ಮತ್ತು ಕೋನ್ ಇದ್ದರೆ ಸಾಕು. ನಾರ್ವೆಯಲ್ಲಿ ಫುಟ್‌ಬಾಲ್ ಆಡುವ 13ರಿಂದ 17 ವರ್ಷದ ಹುಡುಗಿಯರ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು, ಒಟ್ಟು ಗಾಯಗಳು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿದ್ದವು. ಫುಟ್‌ಬಾಲಿಗೆ ಮಾಡಿದ್ದಾದರೂ ಕಬಡ್ಡಿ, ಖೋಖೋ ಮಕ್ಕಳಿಗೆ ನಾನು ಮಾಡಿಸುತ್ತೇನೆ. ಜಿಗಿದು ಇಳಿಯುವಾಗ ಮಂಡಿಗಳು ಒಂದಕ್ಕೊಂದು ಹತ್ತಿರ ವಾಲಬಾರದು, ಪಾದದ ನೇರಕ್ಕೇ ಇರಬೇಕು. ಮೊಬೈಲಲ್ಲಿ ವಿಡಿಯೊ ಮಾಡಿ ಮಕ್ಕಳಿಗೇ ತೋರಿಸಿ, ಬೇಗ ತಿದ್ದಿಕೊಳ್ಳುತ್ತಾರೆ.

40 ನಿಮಿಷದಲ್ಲಿ 20 ಕೊಡೋದು ಕಷ್ಟ ಅಂತ ಗೊತ್ತು. ಅದರಲ್ಲಿ ನಡುವಿನ 10 ನಿಮಿಷ ಬಲ, ಸಮತೋಲನ, ಜಿಗಿತದ್ದು. ಅದನ್ನು ಮಾತ್ರ ಬಿಡಬೇಡಿ. ಉಳಿದದ್ದು ಓಟ, ಮಕ್ಕಳು ಹೇಗೂ ಓಡುತ್ತಾರೆ.