ಡಿಕ್ಕಿ ತೆಗಿ ಅಂದ್ರೆ ತೆಗೀಲೇಬೇಕಾ?

ಪ್ರಶ್ನೆ: ಸಾರ್, ನಮ್ದು ಸಕಲೇಶಪುರ ಕಡೆ ತೋಟ. ಮೊನ್ನೆ ರಾತ್ರಿ ಕಾರಲ್ಲಿ ನಾಲ್ಕು ಚೀಲ ಮೆಣಸು ಹಾಕ್ಕೊಂಡು ಹಾಸನಕ್ಕೆ ಬರ್ತಿದ್ದೆ, ಹೈವೇಲಿ ಪೊಲೀಸ್ರು ಅಡ್ಡ ಹಾಕಿದ್ರು, ಒಬ್ರು ಸೀದಾ ಕೀ ಕಿತ್ಕೊಂಡ್ರು, ಡಿಎಲ್, ಆರ್‌ಸಿ ಎಲ್ಲ ಸರಿ ಇದ್ರೂ ಡಿಕ್ಕಿ ತೆಗೆಸಿ ಚೀಲದ ಬಾಯಿ ಬಿಚ್ಚಿಸಿದ್ರು. ವಾರಂಟ್ ಎಲ್ಲಿ ಅಂದ್ರೆ ನಕ್ಬಿಟ್ರು. ಹಂಗೆಲ್ಲ ಮಾಡ್ಬಹುದಾ?

ಉತ್ತರ: ಡಿಎಲ್ ಕೇಳಿದ್ದು ಸರಿ. ಮೋಟಾರು ವಾಹನ ಕಾಯ್ದೆ 130ನೇ ಸೆಕ್ಷನ್ ಪ್ರಕಾರ ಯೂನಿಫಾರ್ಮಲ್ಲಿರೋ ಕಾನ್‌ಸ್ಟೇಬಲ್ ಕೇಳಿದ್ರೂ ತೋರಿಸ್ಬೇಕು, ಡಿಜಿಲಾಕರ್‌ನಲ್ಲಿರೋದು ನಡೆಯುತ್ತೆ. ಕೀ ಕಿತ್ಕೊಳೋ ಅಧಿಕಾರ ಮಾತ್ರ ಆ ಕಾಯ್ದೇಲಿ ಎಲ್ಲೂ ಇಲ್ಲ. 2025ರ ಮೇನಲ್ಲಿ ಮಂಡ್ಯದಲ್ಲಿ ಪೊಲೀಸ್ರು ಬೈಕ್ ನಿಲ್ಸೋವಾಗ ಬಿದ್ದು ಮಗು ತೀರ್ಕೊಂಡ ಮೇಲೆ, ಕಣ್ಣಿಗೆ ಕಾಣೋ ತಪ್ಪಿಲ್ದೆ ಬರೀ ದಾಖಲೆಗೋಸ್ಕರ ನಿಲ್ಲಿಸ್ಬೇಡಿ, ಕೀ ಕಿತ್ಕೋಬೇಡಿ ಅಂತ ಡಿಜಿಪಿ ಕಡೆಯಿಂದಲೇ ಸೂಚನೆ ಹೋಯ್ತು. ಅದು ಇಲಾಖೆ ಒಳಗಿನ ಸೂಚನೆ, ಅದನ್ನ ಹಿಡ್ಕೊಂಡು ಕತ್ತಲಲ್ಲಿ ರಸ್ತೆ ಮೇಲೆ ವಾದಕ್ಕೆ ನಿಲ್ಬೇಡಿ, ಬೆಳಿಗ್ಗೆ ಎಸ್‌ಪಿ ಆಫೀಸಿಗೆ ಬರೆದು ಕೊಡಿ.

ಡಿಕ್ಕಿ ವಿಷ್ಯ ಬೇರೆ. ಡಿಎಲ್ ನೋಡೋ ಅಧಿಕಾರ ಇದೆ ಅಂತ ಡಿಕ್ಕಿ ನೋಡಂಗಿಲ್ಲ, ಅದಕ್ಕೆ ಪ್ರತ್ಯೇಕ ಕಾರಣ ಬೇಕು. ಕಾರಣ ಇದ್ರೆ ವಾರಂಟ್ ಬೇಕಾಗಲ್ಲ, ಅದಕ್ಕೇ ಅವ್ರು ನಕ್ಕಿದ್ದು. ಯಾವ್ದಾದ್ರೂ ಕೇಸಿನ ತನಿಖೆ ನಡೀತಿದ್ರೆ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದಿರೋ ಕಾನೂನು) 185ನೇ ಸೆಕ್ಷನ್‌ನಲ್ಲಿ ಠಾಣಾಧಿಕಾರಿ ಇಲ್ಲ ತನಿಖಾಧಿಕಾರಿ ಕಾರಣ ಬರೆದಿಟ್ಟು ಗಾಡಿ ಹುಡುಕ್ಬಹುದು, ಆ ಕಾಪಿ 48 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್‌ಗೆ ಹೋಗ್ಬೇಕು. ಕದ್ದ ಮಾಲು ಅಂತ ಅನುಮಾನ ಬಂದ್ರೆ 106ರಲ್ಲಿ ಜಪ್ತಿ ಮಾಡ್ಬಹುದು. ಗಾಂಜಾ, ಮದ್ಯ, ಬೀಟೆ ಮರ, ಇವಕ್ಕೆಲ್ಲ ಬೇರೆ ಬೇರೆ ಕಾಯ್ದೆ ಇದೆ. ಇನ್ನು ಕುಯ್ಲಿನ ಟೈಮಲ್ಲಿ ಕಣದಿಂದ ಕಳ್ರು ಮೆಣಸು ಎತ್ಕೊಂಡು ಹೋಗೋದು ನಿಮಗೆ ನಾನು ಹೇಳ್ಬೇಕಾ, ರಾತ್ರಿ ಹೊತ್ತು ಕಾರಲ್ಲಿ ನಾಲ್ಕು ಚೀಲ ಕಂಡ್ರೆ ಯಾರ್ದು ಅಂತ ಕೇಳಿದ್ದು ನಂಗೇನೂ ತಪ್ಪು ಅನ್ಸಲ್ಲ, ನಿಮ್ಮ ಮನೇದೇ ಕಳುವಾಗಿದ್ರೆ ಪೊಲೀಸ್ರು ಗಾಡಿ ಯಾಕೆ ಚೆಕ್ ಮಾಡಲ್ಲ ಅಂತ ನೀವೇ ಬೈತಿದ್ರಿ. ಆದ್ರೆ ಯಾಕೆ ಅಂತ ಬಾಯ್ಬಿಡದೆ ಚೀಲ ಬಿಚ್ಚಿಸಿ ಕಳಿಸಿದ್ದು ಸರಿಯಲ್ಲ. ಮುಂದೆ ಹಿಂಗಾದ್ರೆ "ಯಾವ ಕೇಸಿಗೆ ಸಾರ್?" ಅಂತ ಸಮಾಧಾನವಾಗಿ ಕೇಳಿ, ಎದೆ ಮೇಲಿರೋ ಹೆಸರು, ಜಾಗ, ಟೈಮು ಬರ್ಕೊಳಿ. ಮಾಲು ಹಿಡಿದ್ರೆ ಪಟ್ಟಿ ಮಾಡಿ ಸಾಕ್ಷಿಗಳ ಸೈನ್ ಹಾಕಿಸ್ಬೇಕು, ಮೊಬೈಲಲ್ಲಾದ್ರೂ ವಿಡಿಯೋ ಮಾಡ್ಬೇಕು, ಬಿಎನ್‌ಎಸ್‌ಎಸ್ 105ನೇ ಸೆಕ್ಷನ್ ಇರೋದೇ ಅದಕ್ಕೆ.

ಪ್ರಶ್ನೆ: ನಾವು ಹೆಣ್ಮಕ್ಕಳೇ ಸೇರಿ ಮುಳ್ಳಯ್ಯನಗಿರಿಗೆ ಹೊರಟಿದೀವಿ. ದಾರೀಲಿ ಗಂಡಸ್ರು ನಮ್ಮನ್ನ ಚೆಕ್ ಮಾಡ್ಬಹುದಾ? (ಚಿಕ್ಕಮಗಳೂರು)

ಉತ್ತರ: ಮೈ ತಪಾಸಣೆ ಹೆಂಗಸರೇ ಮಾಡ್ಬೇಕು ಕಣಮ್ಮ, ಅದೂ ಮರ್ಯಾದೆಯಿಂದ. ಡ್ರಗ್ಸ್ ಅನುಮಾನ ಅಂದ್ರೆ ಗೆಜೆಟೆಡ್ ಆಫೀಸರ್ ಅಥವಾ ಮ್ಯಾಜಿಸ್ಟ್ರೇಟ್ ಮುಂದೆನೇ ಮೈ ತಪಾಸಣೆ ಆಗ್ಲಿ ಅಂತ ಕೇಳೋ ಹಕ್ಕಿದೆ, ಅದು ಮಾದಕ ವಸ್ತು ಕಾಯ್ದೆ (ಎನ್‌ಡಿಪಿಎಸ್) 50ನೇ ಸೆಕ್ಷನ್. ಕೈಲಿರೋ ಬ್ಯಾಗಿಗೆ ಆ ರಕ್ಷಣೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ.

ಪ್ರಶ್ನೆ: ರೂಲ್ಸ್ ಮೀರಿ ಹುಡುಕಿದ್ರೆ ಸಿಕ್ಕಿದ್ದು ಕೋರ್ಟಲ್ಲಿ ನಿಲ್ಲಲ್ವಂತೆ, ಹೌದಾ? (ಬೇಲೂರು)

ಉತ್ತರ: ಅದು ಅಮೆರಿಕದ ಸಿನಿಮಾ ನೋಡಿ ಬಂದ ಮಾತು. ಹುಡುಕಿದ ರೀತಿ ತಪ್ಪು ಅನ್ನೋ ಒಂದೇ ಕಾರಣಕ್ಕೆ ಸಾಕ್ಷ್ಯ ಬಿಸಾಕಕ್ಕಾಗಲ್ಲ ಅಂತ ಸುಪ್ರೀಂ ಕೋರ್ಟಿನ 1973ರ ಪೂರನ್ ಮಲ್ ತೀರ್ಪಲ್ಲೇ ಇದೆ. ಮೇಲೆ ಹೇಳಿದ 50ನೇ ಸೆಕ್ಷನ್ ಮುರಿದು ಮೈ ತಪಾಸಣೆ ಮಾಡಿದ್ರೆ ಮಾತ್ರ ಕಥೆ ಬೇರೆ, ಅಲ್ಲಿ ಕೇಸೇ ಬಿದ್ದೋಗ್ಬಹುದು.