ಗಿರ್ ಕಣ್ಣು ಕೆಂಪಾಗೋದು ಯಾಕೆ?

ಸರ್, ‘ಇನ್ವೇಡರ್ ಜಿಮ್’ ಕಾರ್ಟೂನಲ್ಲಿ ರೋಬೋಟ್ ಗಿರ್ ಕಣ್ಣು ಒಮ್ಮೆ ತಿಳಿನೀಲಿ, ಒಮ್ಮೆ ಕೆಂಪು ಯಾಕೆ, ಎರಡು ಬೇರೆ ರೋಬೋಟಾ ಅಂತ ಮಗಳು ಕೇಳುತ್ತಾಳೆ ಅಂದಿರಲ್ಲ? ಅಲ್ಲ, ಒಂದೇ. 2001ರ ಮೊದಲ ಕಂತಲ್ಲೇ ಇದೆ: ಅನ್ಯಗ್ರಹದ ಜಿಮ್‌ನನ್ನು ಸಾಗಹಾಕಿದರೆ ಸಾಕಾಗಿದ್ದ ಅವನ ನಾಯಕರು ಹೊಸ ರೋಬೋಟ್ ಕೊಡದೆ, ಕಸದಿಂದ ಒಂದನ್ನು ಜೋಡಿಸಿ, ಖಾಲಿ ತಲೆಗೆ ಜೇಬಿನ ಚಿಲ್ಲರೆ ಸಾಮಾನು ತುಂಬಿ ಕೊಟ್ಟುಬಿಡುತ್ತಾರೆ. ಅದಕ್ಕೇ ಸುಮ್ನೆ ಕುಣಿಯುತ್ತೆ, ಕಿರುಚುತ್ತೆ. ಕಣ್ಣು ಕೆಂಪಾದರೆ ಪಕ್ಕಾ ಸಿಪಾಯಿ, ಸೆಲ್ಯೂಟ್ ಬೇರೆ. ಮರುಕ್ಷಣ ಮತ್ತೆ ಅದೇ ಪೆದ್ದು.

ಒಂದು ಕಂತಲ್ಲಿ ಜಿಮ್ ಅದನ್ನು ಕೆಂಪು ಸ್ಥಿತಿಯಲ್ಲೇ ಲಾಕ್ ಮಾಡುತ್ತಾನೆ. ಆಗ ಗಿರ್ ಎಷ್ಟು ಚುರುಕಾಗುತ್ತೆ ಅಂದ್ರೆ, ಕೆಲಸಕ್ಕೆ ಅಡ್ಡ ಜಿಮ್‌ನೇ ಅಂತ ಅವನ ಮೇಲೇ ತಿರುಗಿಬೀಳುತ್ತೆ! ನನಗೆ ಅದೇ ಬೆಸ್ಟ್.

ರಾಯಚೂರಲ್ಲಿ ನಿಮ್ಮ ಹಾಗೇ ಬಳ್ಳಾರಿಯಲ್ಲಿ ನಮ್ಮ ಹುಡುಗರೂ ಬಿಸಿಲಿಗೆ ಹೆದರಿ ಟಿವಿ ಮುಂದೇನೇ. ಆದರೆ ಮಗಳು ಚಿಕ್ಕವಳಾದರೆ ಪಕ್ಕದಲ್ಲಿ ಕೂತ್ಕೊಳ್ಳಿ, ಜಿಮ್ ಶಾಲೆ ಮಕ್ಕಳ ಅಂಗಾಂಗ ಕದಿಯೋ ಕಂತು ಜಾಸ್ತಿನೇ ಭಯ.